ನಿಂತ ಲಾರಿಯ ಮುಂದೆ ಸೇನೆಯ ಮೆಕ್ಯಾನಿಕ್

ಹಳೆಯ ಡೀಸೆಲ್ ಎಂಜಿನ್ ಒಂದು ಸಿಲಿಂಡರ್ ಬಿಟ್ಟು ಓಡುತ್ತಿದ್ದರೆ, ಅದು ಯಾವ ಸಿಲಿಂಡರ್ ಎಂದು ಪತ್ತೆಹಚ್ಚಲು ಯಂತ್ರವೇನೂ ಬೇಕಿರಲಿಲ್ಲ. ಎಂಜಿನ್ ಸ್ಟಾರ್ಟ್‌ನಲ್ಲೇ ಇಟ್ಟು, ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ಟನ್ನು ಪಾನಾ ಹಾಕಿ ತುಸು ಸಡಿಲಿಸಬೇಕು. ಕೆಲಸ ಮಾಡುತ್ತಿರುವ ಸಿಲಿಂಡರಿನ ನಟ್ಟು ಸಡಿಲಿಸಿದರೆ ಎಂಜಿನ್ನಿನ ಸದ್ದು ಕುಗ್ಗುತ್ತದೆ. ಕೆಟ್ಟು ಕೂತ ಸಿಲಿಂಡರಿನದನ್ನು ಸಡಿಲಿಸಿದರೆ ಸದ್ದಿನಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ. ಸೇನೆಯಲ್ಲಿ ಕಲಿಸುವವರನ್ನು ಉಸ್ತಾದ್ ಅನ್ನುತ್ತಾರೆ. ನನ್ನ ಉಸ್ತಾದರು ಈ ವಿದ್ಯೆಯನ್ನು ಕೈಹಿಡಿದು ಕಲಿಸಿದರು. ನಾನೂ ಎಷ್ಟೋ ಹುಡುಗರಿಗೆ ಕಲಿಸಿದೆ.

ಈಗ ಅದೇ ಕೆಲಸವನ್ನು, ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದ ಡೀಸೆಲ್ ಹೋಗುವ ಕಾಮನ್ ರೈಲ್ ಎಂಜಿನ್ನಿನ ಮೇಲೆ ಮಾಡಲು ಹೋದರೆ ಕೈಗೆ ಅಪಾಯ. ಹಳೆಯ ಇಂಜೆಕ್ಟರ್ ಸುಮಾರು 200 ಬಾರ್ ಒತ್ತಡದಲ್ಲಿ ತೆರೆದುಕೊಳ್ಳುತ್ತಿತ್ತು. ಕಾಮನ್ ರೈಲಿನಲ್ಲಿ 1,600 ಬಾರ್, ಕೆಲವದರಲ್ಲಿ ಅದಕ್ಕೂ ಹೆಚ್ಚು. ಅಷ್ಟು ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿಕೊಂಡು ಮಾಂಸದೊಳಗೆ ಇಳಿಯುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ನೋವೂ ಮೊದಲಿಗೆ ಅಷ್ಟಿರುವುದಿಲ್ಲ. ಆದರೆ ಕೂಡಲೇ ಆಪರೇಷನ್ ಆಗದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾಗುತ್ತದೆ. ಕೈಗೆ ಅಭ್ಯಾಸವಾಗಿ ಹೋದ ಕೆಲಸವೇ ಇಲ್ಲಿ ಕೈಗೆ ಶತ್ರು. ಸೇನೆಯ ವಾಹನ ಮೆಕ್ಯಾನಿಕ್‌ಗಳ ತರಬೇತಿ ಸುಧಾರಿಸಬೇಕು ಎಂದು ನಾನು ಹೋದಲ್ಲೆಲ್ಲ ಹೇಳುವುದು ಈ ಕಾರಣಕ್ಕೆ. ಹೊಸ ಎಂಜಿನ್ ಬಂದಾಗ ಹೊಸ ಪಾಠ ಸೇರಿಸಿದರೆ ಸಾಲದು, ಹಳೆಯ ಪಾಠದಲ್ಲಿ ಯಾವುದನ್ನು ಕೈಬಿಡಬೇಕು ಎಂಬುದನ್ನೂ ಯಾರಾದರೂ ಕೂತು ಯೋಚಿಸಬೇಕು.

ನಾನು ಇಎಂಇ ಕೋರಿನಲ್ಲಿ ವೆಹಿಕಲ್ ಮೆಕ್ಯಾನಿಕ್ ಆಗಿ ಸೇರಿ, ಹವಾಲ್ದಾರ್ ಆಗಿ ನಿವೃತ್ತನಾದವನು. ಈಗ ಬಾಗಲಕೋಟೆ ಜಿಲ್ಲೆಯ ಒಂದು ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಟ್ರೇಡಿನ ಹುಡುಗರಿಗೆ ಕಲಿಸುತ್ತಿದ್ದೇನೆ. ಅವರಲ್ಲಿ ಅರ್ಧದಷ್ಟು ಮಂದಿಗೆ ಸೇನೆ ಸೇರುವ ಆಸೆ. ಹಾಗಾಗಿ ಈ ವಿಷಯ ನನಗೆ ಹಳೆಯ ನೆನಪಲ್ಲ, ದಿನದ ಕೆಲಸ.

ಇಎಂಇ ಎಂದರೆ ಏನೆಂದು ಊರಲ್ಲಿ ಹಲವರಿಗೆ ತಿಳಿದಿಲ್ಲ. ಸೇನೆಯ ಜೀಪಿನಿಂದ ಹಿಡಿದು ಟ್ಯಾಂಕ್, ತೋಪು, ರೇಡಾರ್‌ವರೆಗೆ ಎಲ್ಲವನ್ನೂ ರಿಪೇರಿ ಮಾಡುವ ದಳ ಅದು. ಇದರ ಹುಟ್ಟಿಗೆ ಎರಡನೇ ಮಹಾಯುದ್ಧವೇ ಕಾರಣ. ಬ್ರಿಟನ್ನಿನಲ್ಲಿ ನುರಿತ ಕೆಲಸಗಾರರು ಸೈನ್ಯ ಸೇರಿ, ಅಲ್ಲಿ ತಮ್ಮ ಕಸುಬಿಗೆ ಸಂಬಂಧವೇ ಇಲ್ಲದ ಕೆಲಸಗಳಲ್ಲಿ ವ್ಯರ್ಥವಾಗುತ್ತಿದ್ದಾರೆಂಬ ದೂರು ಬಂದಾಗ ವಿಲಿಯಂ ಬೆವರಿಜ್ ಅವರ ಸಮಿತಿ ವಿಚಾರಣೆ ನಡೆಸಿತು. ರಿಪೇರಿ ಕೆಲಸ ಹತ್ತು ದಳಗಳಲ್ಲಿ ಹಂಚಿಹೋಗಬಾರದು, ನುರಿತವರೆಲ್ಲ ಒಂದೇ ಕಡೆ ಇರಬೇಕು ಎಂದು ಅದು ಹೇಳಿದ ಮೇಲೆ 1942ರ ಅಕ್ಟೋಬರ್ 1ರಂದು ಬ್ರಿಟಿಷ್ ಸೇನೆಯ ರೀಮ್ ದಳ ಹುಟ್ಟಿತು. ಮರುವರ್ಷ ಭಾರತದಲ್ಲೂ ಅಂಥದೇ ದಳ ಬಂತು. ಅಕ್ಟೋಬರ್ 15 ಇಂದಿಗೂ ನಮ್ಮ ಕೋರ್ ದಿನ. ಸಿಕಂದರಾಬಾದಿನ 1 ಇಎಂಇ ಸೆಂಟರ್ ಮತ್ತು ಭೋಪಾಲದ 3 ಇಎಂಇ ಸೆಂಟರಿನಲ್ಲಿ ಹೊಸ ಹುಡುಗರ ತರಬೇತಿ. ಸಿಕಂದರಾಬಾದಿನ ಮಿಲಿಟರಿ ಕಾಲೇಜು ಮತ್ತು ವಡೋದರಾದ ಇಎಂಇ ಸ್ಕೂಲು ಮೇಲಿನ ಹಂತದ ಕೋರ್ಸುಗಳಿಗೆ. ದೊಡ್ಡ ದುರಸ್ತಿಗೆ ಬೇಸ್ ವರ್ಕ್‌ಶಾಪ್‌ಗಳಿವೆ. ಅವುಗಳಲ್ಲೊಂದು, 515, ನಮ್ಮ ಬೆಂಗಳೂರಿನಲ್ಲೇ ಇದೆ.

ಗಡಿಯಲ್ಲಿ ಲಾರಿ ನಿಂತಾಗ ಅದು ನೇರ ಬೆಂಗಳೂರಿಗೆ ಬರುವುದಿಲ್ಲ. ರೆಜಿಮೆಂಟಿನ ಜೊತೆಗೇ ಇರುವ ಸಣ್ಣ ರಿಪೇರಿ ತಂಡ, ಅಂದರೆ ಎಲ್‌ಎಡಿ, ಮೊದಲು ಕೈಹಾಕುತ್ತದೆ. ಅವರಿಂದ ಆಗದಿದ್ದರೆ ಫೀಲ್ಡ್ ವರ್ಕ್‌ಶಾಪ್, ಅಲ್ಲೂ ಆಗದಿದ್ದರೆ ಇನ್ನೂ ಹಿಂದಕ್ಕೆ. ಗಾಡಿ ಒಂದೊಂದು ಹಂತ ಹಿಂದೆ ಹೋದಂತೆಲ್ಲ ಅದು ಹಿಂತಿರುಗುವ ದಿನ ದೂರವಾಗುತ್ತದೆ. ಆದ್ದರಿಂದ ಎಲ್ಲಕ್ಕಿಂತ ಮುಂದೆ ನಿಂತಿರುವ ಆ ಎಲ್‌ಎಡಿ ಹುಡುಗನಿಗೆ ದೋಷ ಎಲ್ಲಿದೆ ಎಂದು ಗೊತ್ತಾಗುತ್ತದೋ ಇಲ್ಲವೋ ಎಂಬುದೇ ಮುಖ್ಯ. ತರಬೇತಿಯ ಬಗ್ಗೆ ನನ್ನ ವಾದವೆಲ್ಲ ಇದರ ಸುತ್ತಲೇ ಇದೆ. ನಾವು ಬಿಚ್ಚುವುದನ್ನು, ಜೋಡಿಸುವುದನ್ನು ಚೆನ್ನಾಗಿ ಕಲಿಸುತ್ತೇವೆ. ಹುಡುಕುವುದನ್ನು ಅಷ್ಟು ಚೆನ್ನಾಗಿ ಕಲಿಸುವುದಿಲ್ಲ.

ಲಡಾಖಿನಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಚಳಿಗಾಲದ ಒಂದು ಬೆಳಗ್ಗೆ ಒಂದು ಸ್ಟಾಲಿಯನ್ ಲಾರಿ ಸ್ಟಾರ್ಟ್ ಆಗಲಿಲ್ಲ. ಕೀ ತಿರುಗಿಸಿದರೆ ಎಂಜಿನ್ ನರಳುತ್ತ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ತರಬೇತಿ ಮುಗಿಸಿ ಆಗಷ್ಟೇ ಬಂದಿದ್ದ ಹುಡುಗ ಬ್ಯಾಟರಿ ಬದಲಿಸಿದ. ಹಾಗೇ ಇತ್ತು. ಸೆಲ್ಫ್ ಮೋಟಾರ್ ಇಳಿಸಿ ಬೇರೆಯದನ್ನು ಹಾಕಿದ. ಆ ಚಳಿಯಲ್ಲಿ ಕಬ್ಬಿಣಕ್ಕೆ ಬರಿಗೈ ತಾಗಿದರೆ ಚರ್ಮ ಅಂಟಿಕೊಳ್ಳುತ್ತದೆ, ಕೈಗವಸು ಹಾಕಿದರೆ ಬೋಲ್ಟು ಹಿಡಿಯಲು ಬರುವುದಿಲ್ಲ. ಅಷ್ಟು ಕಷ್ಟಪಟ್ಟು ಅವನು ಎರಡು ಒಳ್ಳೆಯ ಭಾಗಗಳನ್ನು ತೆಗೆದು ಇನ್ನೆರಡು ಒಳ್ಳೆಯ ಭಾಗಗಳನ್ನು ಹಾಕಿದ್ದ. ಗಾಡಿ ಮಾತ್ರ ನಿಂತಲ್ಲೇ ನಿಂತಿತ್ತು.

ಅಲ್ಲಿದ್ದ ನಾಯಕ್ ಒಬ್ಬರು ಮಲ್ಟಿಮೀಟರ್ ತರಿಸಿದರು. ಲಾರಿಯದು 24 ವೋಲ್ಟ್ ವ್ಯವಸ್ಥೆ, 12 ವೋಲ್ಟಿನ ಎರಡು ಬ್ಯಾಟರಿ ಸಾಲಾಗಿ ಜೋಡಿಸಿರುತ್ತಾರೆ. ಡ್ರೈವರ್‌ಗೆ ಕೀ ತಿರುಗಿಸಿ ಹಿಡಿಯಲು ಹೇಳಿ ಮೊದಲು ಬ್ಯಾಟರಿಯ ಕಂಬಗಳ ಮೇಲೆ ಅಳೆದರು: 22.8. ಬ್ಯಾಟರಿ ಗಟ್ಟಿಯಾಗಿದೆ. ಆಮೇಲೆ ಸೆಲ್ಫ್ ಮೋಟಾರಿನ ಮೇಲೆ ಅಳೆದರು: 17.4. ಅಂದರೆ ಐದೂವರೆ ವೋಲ್ಟಿನಷ್ಟು ದಾರಿಯಲ್ಲೇ ಕಳೆದುಹೋಗುತ್ತಿದೆ. ಪಾಸಿಟಿವ್ ದಾರಿಯಲ್ಲಿ ನೋಡಿದರೆ 0.4 ಮಾತ್ರ. ಉಳಿದದ್ದು ನೆಗೆಟಿವ್ ಕಡೆ. ಅಲ್ಲಿ ಹಂತಹಂತವಾಗಿ ಬಂದರು. ಬ್ಯಾಟರಿ ಕಂಬದಿಂದ ಕೇಬಲ್ಲಿನ ಲಗ್‌ವರೆಗೆ 0.1. ಲಗ್‌ನಿಂದ ಚಾಸಿಗೆ 0.1. ಚಾಸಿಯಿಂದ ಎಂಜಿನ್ ಬ್ಲಾಕಿಗೆ 4.8.

ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ. ಹಾಗಾಗಿ ಚಾಸಿಗೂ ಎಂಜಿನ್ನಿಗೂ ಕರೆಂಟು ಹರಿಯಲು ಇರುವುದು ಒಂದು ಹೆಣೆದ ತಾಮ್ರದ ಪಟ್ಟಿ. ಆ ಪಟ್ಟಿಯ ಬೋಲ್ಟ್ ಬಿಚ್ಚಿದಾಗ ಕೆಳಗೆ ಸೇನೆಯ ಹಸಿರು ಬಣ್ಣ ಹೊಳೆಯುತ್ತಿತ್ತು. ಹಿಂದೆ ಎಲ್ಲೋ ಓವರ್‌ಹಾಲ್ ಆದಾಗ, ಪಟ್ಟಿ ಕೂರುವ ಜಾಗವನ್ನೂ ಸೇರಿಸಿ ಪೇಂಟ್ ಹೊಡೆದು, ಅದರ ಮೇಲೇ ಪಟ್ಟಿ ಬಿಗಿದಿದ್ದರು. ಕೆಳನಾಡಿನ ಬೆಚ್ಚನೆಯ ಹವೆಯಲ್ಲಿ ಹೇಗೋ ನಡೆದುಹೋಗಿತ್ತು, ಚಳಿಯಲ್ಲಿ ಸೆಲ್ಫ್ ಹೆಚ್ಚು ಕರೆಂಟ್ ಕೇಳಿದಾಗ ಕೈಕೊಟ್ಟಿತು. ಎಮರಿ ಕಾಗದದಿಂದ ಉಜ್ಜಿ, ಪಟ್ಟಿ ಬಿಗಿದು, ಕೀ ತಿರುಗಿಸಿದರು. ಗಾಡಿ ಹೊರಟಿತು. ಹೊಸ ಭಾಗ ಒಂದೂ ಬೇಕಾಗಲಿಲ್ಲ.

ಆ ಹುಡುಗ ದಡ್ಡನಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದವನು. ಸೆಲ್ಫ್ ಮೋಟಾರನ್ನು ಬಿಚ್ಚಿ ಒಂದೊಂದು ಭಾಗದ ಹೆಸರನ್ನೂ ಹೇಳಬಲ್ಲವನಾಗಿದ್ದ. ಆದರೆ ತರಗತಿಯಲ್ಲಿ ಅವನು ಬಿಚ್ಚಿದ ಮೋಟಾರು ಮೇಜಿನ ಮೇಲಿತ್ತು, ಚೆನ್ನಾಗೇ ಇತ್ತು, ಅದರೊಳಗೆ ಹುಡುಕಲು ಏನೂ ಇರಲಿಲ್ಲ. ಬ್ಯಾಟರಿಯಿಂದ ಹೊರಟ ಕರೆಂಟು ತಿರುಗಿ ಬ್ಯಾಟರಿಗೆ ಬರಬೇಕು ಎಂಬ ಸತ್ಯವನ್ನು ಅವನು ಬರೆದಿದ್ದ. ಅದನ್ನು ಹಿಡಿದುಕೊಂಡು ಲಾರಿಯ ಅಡಿಯಲ್ಲಿ ತೆವಳಿರಲಿಲ್ಲ.

ಹೀಗಾಗಿ ನನ್ನ ಮೊದಲ ಬೇಡಿಕೆ, ತರಬೇತಿ ಕೇಂದ್ರಗಳಲ್ಲಿ ಬೇಕೆಂದೇ ಕೆಡಿಸಿಟ್ಟ ಗಾಡಿಗಳಿರಬೇಕು. ಉಸ್ತಾದರು ಹಿಂದಿನ ಸಂಜೆ ಒಂದು ದೋಷ ಇಟ್ಟು ಹೋಗಬೇಕು. ರಿಲೇಯ ಪಿನ್ನಿಗೆ ನೇಲ್ ಪಾಲಿಶ್ ಹಚ್ಚಬಹುದು, ಡೀಸೆಲ್ ಪೈಪಿನ ವಾಷರನ್ನು ಗೀಚಿ ಗಾಳಿ ಎಳೆಯುವಂತೆ ಮಾಡಬಹುದು, ಸೆನ್ಸರಿನ ವೈರನ್ನು ಹೊದಿಕೆಯೊಳಗೇ ತುಂಡರಿಸಬಹುದು. ಬೆಳಗ್ಗೆ ಹುಡುಗನ ಕೈಗೆ ಡ್ರೈವರ್ ಹೇಳುವ ಒಂದು ದೂರು ಮಾತ್ರ ಸಿಗಬೇಕು: 'ಏರು ಹತ್ತುವಾಗ ಶಕ್ತಿ ಸಾಲದು'. ಯಾವ ಭಾಗ ಬಿಚ್ಚುವ ಮೊದಲೂ ಏಕೆ ಬಿಚ್ಚುತ್ತಿದ್ದೇನೆ ಎಂದು ಅವನು ಬರೆಯಬೇಕು. ಅಂಕ ಕೊಡುವುದು ಆ ಬರಹಕ್ಕೆ. ದೋಷ ಸಿಗದಿದ್ದರೂ ಹುಡುಕಿದ ದಾರಿ ಸರಿಯಿದ್ದರೆ ಪಾಸು. ಅದೃಷ್ಟಕ್ಕೆ ಮೊದಲ ಭಾಗವೇ ಬದಲಿಸಿ ಗಾಡಿ ಹೊರಡಿಸಿದವನಿಗೆ ಅಂಕ ಕಡಿಮೆ. ನಮ್ಮ ಐಟಿಐಯಲ್ಲಿ ನಾನು ಇದನ್ನೇ ಮಾಡುತ್ತೇನೆ. ಶುರುವಿನಲ್ಲಿ ಹುಡುಗರು ಸಿಟ್ಟಾಗುತ್ತಾರೆ.

"ಸರ್, ಗಾಡಿ ಚಾಲೂ ಆತಲ್ರಿ, ಮತ್ಯಾಕ ಮಾರ್ಕ್ಸ್ ಕಡಿಮಿ?" ಎಂದು ಒಬ್ಬ ಕೇಳಿದ.

"ಯಾಕ ಚಾಲೂ ಆತು ಹೇಳಪಾ," ಎಂದೆ.

ಹೇಳಲು ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನೇ ವೈರಿಂಗ್ ಚಿತ್ರ ಹಿಡಿದುಕೊಂಡು ಬಂದು, "ಈಗ ಹೇಳ್ತೇನ್ರಿ ಸರ್," ಎಂದ.

ಡ್ರೈವರ್‌ನನ್ನು ಪ್ರಶ್ನಿಸುವುದೂ ಒಂದು ವಿದ್ಯೆ. ಇದಕ್ಕೆ ಯಾವ ಪಠ್ಯದಲ್ಲೂ ತಕ್ಕಷ್ಟು ಜಾಗ ಕೊಟ್ಟದ್ದನ್ನು ನಾನು ಕಂಡಿಲ್ಲ. ತಣ್ಣಗಿದ್ದಾಗ ಹೀಗಾಗುತ್ತದೋ, ಬಿಸಿಯಾದ ಮೇಲೋ? ಕ್ಲಚ್ ಒತ್ತಿದರೆ ಸದ್ದು ನಿಲ್ಲುತ್ತದೋ? ಕಳೆದ ವಾರ ಯಾರಾದರೂ ಬಾನೆಟ್ ತೆಗೆದಿದ್ದರೋ? ಇಂಥ ನಾಲ್ಕು ಪ್ರಶ್ನೆಗಳಲ್ಲಿ ಅರ್ಧ ಕೆಲಸ ಮುಗಿಯುತ್ತದೆ. ಡ್ರೈವರ್ ಆ ಗಾಡಿಯಲ್ಲೇ ಮಲಗಿ ಏಳುವವನು, ಅದರ ಸದ್ದು ಅವನಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರುವುದಿಲ್ಲ. ಅವನನ್ನು ಪಕ್ಕಕ್ಕೆ ಸರಿಸಿ ಬಾನೆಟ್ ಎತ್ತುವ ಮೆಕ್ಯಾನಿಕ್ ಕೈಗೆ ಬಂದ ಸಾಕ್ಷಿಯನ್ನು ದೂರ ತಳ್ಳಿದಂತೆ.

ಮಾದರಿಗಳ ವೈವಿಧ್ಯ ಈ ವಿದ್ಯೆಯನ್ನು ಇನ್ನಷ್ಟು ಅಗತ್ಯ ಮಾಡಿದೆ. ಜಬಲ್‌ಪುರದಲ್ಲಿ ಜರ್ಮನಿಯ ಮ್ಯಾನ್ ಕಂಪನಿಯ ಲೈಸೆನ್ಸಿನಲ್ಲಿ ತಯಾರಾಗುತ್ತಿದ್ದ ಶಕ್ತಿಮಾನ್ ಲಾರಿಯ ಕಾಲದಲ್ಲಿ ಒಂದು ಮಾದರಿ ಚೆನ್ನಾಗಿ ಕಲಿತವನು ಬಹುಕಾಲ ಅದರ ಮೇಲೆ ಬದುಕಬಹುದಿತ್ತು. ಈಗ ಒಂದೇ ಅಂಗಳದಲ್ಲಿ ಸ್ಟಾಲಿಯನ್, ಟಾಟಾ, ಜಿಪ್ಸಿ, ಸಫಾರಿ ಎಲ್ಲ ನಿಂತಿರುತ್ತವೆ. ನಮ್ಮ ಕೆಜಿಎಫ್‌ನ ಬೆಮೆಲ್ ಹೆಸರಿನೊಂದಿಗೆ ಬೆಸೆದುಕೊಂಡ ಟಾಟ್ರಾ ಲಾರಿಯನ್ನೇ ನೋಡಿ. ಅದಕ್ಕೆ ಉಳಿದ ಲಾರಿಗಳಂತೆ ಎರಡು ಉದ್ದ ತೊಲೆಯ ಚಾಸಿ ಬೆನ್ನೆಲುಬಲ್ಲ, ನಡುವೆ ಒಂದು ದಪ್ಪ ಕೊಳವೆ. ಅದರ ಎರಡೂ ಬದಿಗೆ ಅರ್ಧರ್ಧ ಆಕ್ಸಲ್‌ಗಳು ತಮ್ಮ ಪಾಡಿಗೆ ಮೇಲೆ ಕೆಳಗೆ ಆಡುತ್ತವೆ. ಎಂಜಿನ್ ಗಾಳಿಯಿಂದ ತಣಿಯುವಂಥದ್ದು, ರೇಡಿಯೇಟರ್ ಇಲ್ಲ. ಬೇರೆ ಲಾರಿಗಳ ಭಾಗಗಳನ್ನು ಬಾಯಿಪಾಠ ಮಾಡಿಕೊಂಡು ಬಂದವನು ಇದರ ಮುಂದೆ ನಿಂತು ನೀರು ಎಲ್ಲಿ ಹಾಕಬೇಕೆಂದು ಹುಡುಕುತ್ತಾನೆ. ಎಂಜಿನ್ನಿನ ಶಾಖ ಹೇಗಾದರೂ ಹೊರಹೋಗಬೇಕು ಎಂಬ ತತ್ವದಿಂದ ಹೊರಟವನಿಗೆ ಫ್ಯಾನು ಮತ್ತು ಸಿಲಿಂಡರಿನ ರೆಕ್ಕೆಗಳು ತಾವಾಗಿಯೇ ಕಾಣುತ್ತವೆ.

ಟ್ಯಾಂಕಿನ ವಿಷಯ ಬೇರೆಯೇ ಜಗತ್ತು, ಅದಕ್ಕೆ ಬೇರೆ ಟ್ರೇಡುಗಳಿವೆ. ಆದರೂ ಒಂದು ಮಾತು. ಜರ್ಮನಿಯ ಲೆಪರ್ಡ್ 2 ಟ್ಯಾಂಕಿನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ಗಂಟಾಗಿ ಮೇಲೆದ್ದು ಬರುತ್ತವೆ, ನುರಿತ ತಂಡ ಒಂದು ಗಂಟೆಯೊಳಗೆ ಬದಲಿಸಬಲ್ಲದು. ನಮ್ಮ ಟಿ-72ರಲ್ಲಿ ಎಂಜಿನ್ ಇಳಿಸಿದ ಮೇಲೆ ಅದನ್ನು ನಡುವಿನ ಗೇರ್‌ಬಾಕ್ಸಿನೊಡನೆ ಕೂದಲೆಳೆಯಷ್ಟೂ ವಾರೆಯಾಗದಂತೆ ಕೂರಿಸಬೇಕು. ಅದಕ್ಕೆ ಬಹಳ ಹೊತ್ತು ಹಿಡಿಯುತ್ತದೆ, ಅವಸರ ಮಾಡಿದರೆ ಬೇರಿಂಗ್ ಹೋಗುತ್ತದೆ. ಎಂಜಿನ್ನೇ ಕೆಟ್ಟಿದೆ ಎಂದು ತಪ್ಪಾಗಿ ತೀರ್ಮಾನಿಸಿದರೆ ಎಷ್ಟು ಜನರ ಎಷ್ಟು ಹೊತ್ತು ಹಾಳಾಗುತ್ತದೆ, ಯೋಚಿಸಿ.

ಎತ್ತರ ಮತ್ತು ಚಳಿಯ ಪಾಠವನ್ನು ಸಿಕಂದರಾಬಾದಿನ ಬಿಸಿಲಿನಲ್ಲಿ ಕಲಿಸುವುದು ಕಷ್ಟ, ಆದರೆ ಅಸಾಧ್ಯವಲ್ಲ. ಖಾರ್ದುಂಗ್ ಲಾದಲ್ಲಿ, ಅಂದರೆ 5,300 ಮೀಟರಿಗೂ ಮೇಲೆ, ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಬಂದಿರುತ್ತದೆ. ಟರ್ಬೊ ಇಲ್ಲದ ಎಂಜಿನ್ ಅಲ್ಲಿ ಕರಿ ಹೊಗೆ ಉಗುಳುವುದು ಪಂಪಿನ ದೋಷವಲ್ಲ, ಉಸಿರಿನ ಕೊರತೆ. ಸಾಮಾನ್ಯ ಡೀಸೆಲ್ ಕಡುಚಳಿಯಲ್ಲಿ ಮೇಣಗಟ್ಟಿ ಫಿಲ್ಟರನ್ನು ಮುಚ್ಚಿಬಿಡುತ್ತದೆ. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಲಡಾಖಿಗೆಂದೇ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದದ್ದು ಇದಕ್ಕೇ. ಪೂರ್ತಿ ಚಾರ್ಜಾದ ಬ್ಯಾಟರಿಯ ಆಸಿಡ್ ಅಂಥ ಚಳಿಗೂ ಹೆಪ್ಪುಗಟ್ಟುವುದಿಲ್ಲ, ಚಾರ್ಜ್ ಇಳಿದುಹೋದ ಬ್ಯಾಟರಿ ಮೈನಸ್ 10ರ ಆಸುಪಾಸಿನಲ್ಲೇ ಗಟ್ಟಿಯಾಗಿ ಒಡೆದುಹೋಗುತ್ತದೆ. ಇದನ್ನು ತೋರಿಸಲು ಲೇಹ್‌ಗೇ ಹೋಗಬೇಕಿಲ್ಲ. ಒಂದು ಶೀತಲ ಕೋಣೆಯಲ್ಲಿ ಎರಡು ಬ್ಯಾಟರಿ, ಒಂದು ಬಾಟಲಿ ಡೀಸೆಲ್ ರಾತ್ರಿಯಿಡೀ ಇಟ್ಟು ಬೆಳಗ್ಗೆ ಹುಡುಗರ ಕೈಗೆ ಕೊಟ್ಟರೆ ಅವರು ಜನ್ಮದಲ್ಲಿ ಮರೆಯುವುದಿಲ್ಲ.

ಎತ್ತರದ ಮಾತು ಬಂದಾಗ ಜೋಜಿಲಾ ನೆನಪಾಗದೆ ಇರದು. ಪಾಕಿಸ್ತಾನದೊಡನೆ ನಡೆದ ಕಾಶ್ಮೀರ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ಸುಮಾರು 11,500 ಅಡಿ ಎತ್ತರದ ಆ ಕಣಿವೆಗೆ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ನುಗ್ಗಿದವು. ಅಷ್ಟು ಮೇಲಕ್ಕೆ ಟ್ಯಾಂಕ್ ಬಂದೀತೆಂದು ಎದುರಾಳಿ ಊಹಿಸಿರಲಿಲ್ಲ. ಅಲ್ಲಿನ ಡಿವಿಜನ್ನಿನ ಮುಖ್ಯಸ್ಥರು ನಮ್ಮ ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ದಾರಿ ಕಡಿದವರು ಮದ್ರಾಸ್ ಸ್ಯಾಪರ್ಸ್, ಅವರ ಕೇಂದ್ರ ಬೆಂಗಳೂರು. ಗುಟ್ಟು ಬಯಲಾಗದಿರಲೆಂದು ಟ್ಯಾಂಕುಗಳ ಗೋಪುರ ಕಳಚಿ, ಮುಚ್ಚಿ, ಸಾಗಿಸಿ, ಆಮೇಲೆ ಮತ್ತೆ ಜೋಡಿಸಿದರು. ಚರಿತ್ರೆಯಲ್ಲಿ ಈ ಕೆಲಸಕ್ಕೆ ಒಂದು ಸಾಲು. ಟನ್ನುಗಟ್ಟಲೆ ಭಾರದ ಗೋಪುರವನ್ನು ಬಯಲಿನಲ್ಲಿ ಎತ್ತಿ ಅದರ ವರ್ತುಲದ ಮೇಲೆ ಸರಿಯಾಗಿ ಇಳಿಸಿದ ಕೈಗಳಿಗೆ ನಾನು ಇಂದಿಗೂ ತಲೆಬಾಗುತ್ತೇನೆ.

ಸಿಮ್ಯುಲೇಟರ್, ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಪೆಟ್ಟಿಗೆ ಇವುಗಳ ಬಗ್ಗೆ ಈಗ ಉತ್ಸಾಹವಿದೆ. ಗೇರ್‌ಬಾಕ್ಸಿನೊಳಗೆ ಎಣ್ಣೆ ಹೇಗೆ ಹರಿಯುತ್ತದೆ ಎಂದು ತೋರಿಸಲು ಅವು ಚೆನ್ನ. ಆದರೆ ಬೋಲ್ಟಿನ ಥ್ರೆಡ್ ಕಿತ್ತುಹೋಗುವ ಮುಂಚಿನ ಆ ಒಂದು ಕ್ಷಣದ ಮೆತ್ತನೆಯನ್ನು ಕೈಗೆ ತಿಳಿಸಲು ಅವುಗಳಿಂದಾಗದು. ಹಣ ಇರುವುದು ಒಂದಕ್ಕೇ ಎಂದಾದರೆ ನಾನು ಮೊದಲು ಪ್ರತಿ ನಾಲ್ಕು ಹುಡುಗರಿಗೆ ಒಂದು ಒಳ್ಳೆಯ ಮಲ್ಟಿಮೀಟರ್, ಒಂದು ಟಾರ್ಕ್ ರೆಂಚ್, ಒಂದು ಸ್ಕ್ಯಾನರ್ ಕೊಡಿಸುತ್ತೇನೆ. ಸ್ಕ್ಯಾನರಿನ ಬಗ್ಗೆ ಎಚ್ಚರವನ್ನೂ ಕಲಿಸಬೇಕು. ರೈಲ್ ಒತ್ತಡ ಕಡಿಮೆ ಎಂದು ಅದು ಕೋಡ್ ತೋರಿಸಿದರೆ ಸೆನ್ಸರ್ ಕೆಟ್ಟಿದೆ ಎಂದರ್ಥವಲ್ಲ. ಫಿಲ್ಟರ್ ಕಟ್ಟಿರಬಹುದು, ಡೀಸೆಲ್ ಟ್ಯಾಂಕಿನ ಪೈಪು ಗಾಳಿ ಎಳೆಯುತ್ತಿರಬಹುದು. ಕೋಡು ಎಲ್ಲಿಂದ ಹುಡುಕಲು ಶುರುಮಾಡಬೇಕು ಎಂದು ಹೇಳುತ್ತದೆ, ಅಷ್ಟೆ.

ಕಲಿಸುವವರ ಬಗ್ಗೆಯೂ ಹೇಳಬೇಕು. ಮೂರು ವರ್ಷದ ಹಿಂದೆ ಫೀಲ್ಡ್ ಬಿಟ್ಟ ಉಸ್ತಾದರಿಗೆ ಮೂರು ವರ್ಷದಲ್ಲಿ ಬಂದ ಗಾಡಿಗಳ ಕಾಯಿಲೆ ಗೊತ್ತಿರುವುದಿಲ್ಲ. ಗಡಿಯ ವರ್ಕ್‌ಶಾಪಿನಲ್ಲಿ ಈ ಚಳಿಗಾಲ ಯಾವ ದೋಷ ಮತ್ತೆ ಮತ್ತೆ ಬಂತು ಎಂಬ ಲೆಕ್ಕ, ಮುಂದಿನ ಬ್ಯಾಚಿನ ಪಾಠದಲ್ಲಿ ಕಾಣಿಸಿಕೊಳ್ಳಬೇಕು. ಆ ಹಸಿರು ಬಣ್ಣದ ಪಟ್ಟಿಯ ವಿಷಯ ಆ ನಾಯಕ್ ಅವರ ಡೈರಿಯಲ್ಲೇ ಉಳಿದರೆ, ಇನ್ನೊಂದು ಕಣಿವೆಯಲ್ಲಿ ಇನ್ನೊಬ್ಬ ಹುಡುಗ ಮತ್ತೆ ಸೆಲ್ಫ್ ಮೋಟಾರ್ ಇಳಿಸುತ್ತಾನೆ. ಇನ್ನು ಭಾಷೆ. ಪಾಠ ಹಿಂದಿಯಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಓದಿ ಬಂದ ನಮ್ಮ ಹುಡುಗರು ಅರ್ಥವಾಗದ್ದನ್ನು ಉರುಹೊಡೆದು ಪಾರಾಗುತ್ತಾರೆ. ಮೊದಲ ಕೆಲವು ತಿಂಗಳಾದರೂ ಅವರವರ ಭಾಷೆಯಲ್ಲಿ ಚಿತ್ರಗಳಿರುವ ಸಣ್ಣ ಕೈಪಿಡಿ ಕೊಟ್ಟರೆ ಆ ಉರು ಹೊಡೆಯುವ ಚಟವೇ ಹುಟ್ಟುವುದಿಲ್ಲ.

2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಈ ಎಲ್ಲದಕ್ಕೂ ಅವಸರ ಬಂದಿದೆ. ಅಗ್ನಿವೀರನ ಸೇವೆ ನಾಲ್ಕು ವರ್ಷ, ತರಬೇತಿಯೂ ಅದರೊಳಗೇ ಮುಗಿಯಬೇಕು. ಒಂದು ಬ್ಯಾಚಿನಲ್ಲಿ ಶೇ 25ರವರೆಗೆ ಮಾತ್ರ ಮುಂದುವರಿಯುತ್ತಾರೆ. ಹುಡುಕುವ ಕಣ್ಣು ಪಳಗಲು ವರ್ಷಗಳು ಬೇಕು, ಪಳಗುವ ಹೊತ್ತಿಗೆ ಹುಡುಗ ಮನೆಗೆ ಹೊರಟಿರುತ್ತಾನೆ. ಆದ್ದರಿಂದ ಕಲಿಕೆಯ ಒಂದು ಪಾಲು ಸೇನೆಗೆ ಸೇರುವ ಮೊದಲೇ ಆಗಬೇಕು. 2023ರಿಂದ ತಾಂತ್ರಿಕ ವಿಭಾಗದ ಭರ್ತಿಯಲ್ಲಿ ಐಟಿಐ, ಡಿಪ್ಲೊಮಾ ಓದಿದವರಿಗೆ ಹೆಚ್ಚುವರಿ ಅಂಕ ಕೊಡಲು ಶುರುಮಾಡಿರುವುದು ಒಳ್ಳೆಯ ಹೆಜ್ಜೆ. ಕರ್ನಾಟಕದಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರ, ಹೊಸ ಲ್ಯಾಬು ಬಂದಿವೆ. ಆದರೆ ಡೀಸೆಲ್ ಮೆಕ್ಯಾನಿಕ್ ಕೋರ್ಸ್ ಒಂದೇ ವರ್ಷದ್ದು, ಅಷ್ಟರಲ್ಲಿ ನನ್ನ ಹುಡುಗರು ನಾಲ್ಕೂ ಚಕ್ರ ಎಳೆಯುವ ಭಾರಿ ಲಾರಿಯನ್ನು ಮುಟ್ಟುವುದೇ ಇಲ್ಲ. ಟ್ರಾನ್ಸ್‌ಫರ್ ಕೇಸ್ ಎಂಬುದನ್ನು ಅವರು ಚಿತ್ರದಲ್ಲಿ ಮಾತ್ರ ನೋಡಿದ್ದಾರೆ. ಮಣ್ಣಿನಲ್ಲಿ ಹಾಕಿದ ಫೋರ್ ವೀಲ್ ಗೇರನ್ನು ಟಾರು ರಸ್ತೆಯಲ್ಲೂ ಹಾಗೇ ಬಿಟ್ಟು ಓಡಿಸಿದರೆ ಮುಂದಿನ ಹಿಂದಿನ ಆಕ್ಸಲ್‌ಗಳು ಒಂದನ್ನೊಂದು ತಿರುಚಿ ಒಳಗಿನ ಹಲ್ಲುಗಳನ್ನೇ ಮುರಿಯುತ್ತವೆ ಎಂಬುದನ್ನು ನಾನು ಬಾಯಲ್ಲಿ ಹೇಳುತ್ತೇನೆ, ಅವರು ತಲೆಯಾಡಿಸುತ್ತಾರೆ.

ಸೇನೆಯಲ್ಲಿ ಆಯಸ್ಸು ಮುಗಿದ ಗಾಡಿಗಳನ್ನು ಕಂಡೆಮ್ ಮಾಡಿ ಹರಾಜು ಹಾಕುತ್ತಾರೆ. ಗುಜರಿ ಬೆಲೆಗೆ ಹೋಗುವ ಅಂಥ ಲಾರಿಗಳಲ್ಲಿ ಭರ್ತಿ ರ‍್ಯಾಲಿ ನಡೆಯುವ ಜಿಲ್ಲೆಗಳ ಐಟಿಐಗಳಿಗೆ ಒಂದೊಂದನ್ನು ಕೊಟ್ಟರೆ ಸಾಕು. ಓಡುವ ಸ್ಥಿತಿಯಲ್ಲೇ ಇರಬೇಕೆಂದಿಲ್ಲ, ಓಡದಿದ್ದರೆ ಇನ್ನೂ ಒಳ್ಳೆಯದು. ಜೊತೆಗೆ ವರ್ಷಕ್ಕೊಮ್ಮೆ ಹತ್ತಿರದ ವರ್ಕ್‌ಶಾಪಿನಿಂದ ಫೀಲ್ಡ್‌ನಲ್ಲಿ ಈಗಲೂ ಕೆಲಸ ಮಾಡುತ್ತಿರುವ ಒಬ್ಬ ಹವಾಲ್ದಾರರನ್ನು ಒಂದು ವಾರದ ಮಟ್ಟಿಗೆ ಕಳಿಸಲಿ. ಅಂಥ ಲಾರಿ ನಮ್ಮ ಅಂಗಳಕ್ಕೆ ಬಂದರೆ ಮೊದಲ ವಾರ ಯಾರಿಗೂ ಪಾನಾ ಕೊಡುವುದಿಲ್ಲ ಎಂದು ಹುಡುಗರಿಗೆ ಈಗಲೇ ಹೇಳಿಟ್ಟಿದ್ದೇನೆ. ಮೀಟರು, ಟಾರ್ಚು, ನೋಟ್‌ಬುಕ್ಕು ಮಾತ್ರ.